ಬಾವಾಜಿಯ ಸಿಂಗಲ್ ಹ್ಯಾಂಡ್ ಗಾಡಿ

ಒಂದು ವಸ್ತುವನ್ನು ಕೊಳ್ಳುವ ಸುಖಕ್ಕಿಂತ ಅದನ್ನು ಕೊಳ್ಳಬೇಕೆಂದು ವಿಚಾರಿಸುತ್ತ ತಿರುಗುವ ಸುಖ ದೊಡ್ಡದು. ನೇರವಾಗಿ ಅಂಗಡಿಗೆ ಹೋಗಿ, ಬೇಕಾದ್ದನ್ನು ಹೇಳಿ, ಕಟ್ಟಿಸಿಕೊಂಡು ಮನೆಗೆ ಬಂದುಬಿಡುವ ಜನರನ್ನು ಕಂಡರೆ ನನಗೆ ಕನಿಕರ. ಅವರಿಗೆ ಸಿಗುವುದು ಬರಿಯ ವಸ್ತು. ನಾನು ಚಹಾ ಸೋಸುವ ಜರಡಿ ತರಲು ಹೋದರೂ ಅದರ ತಂತಿಯನ್ನು ಅಂಚಿಗೆ ಹೇಗೆ ಕೂರಿಸುತ್ತಾರೆ, ಬೆಸುಗೆಯೋ ಮಡಿಕೆಯೋ, ಮಾಡುವವರು ಯಾವ ಊರಿನವರು, ಅವರ ಮನೆಯಲ್ಲಿ ಚಹಾ ಯಾವುದರಲ್ಲಿ ಸೋಸುತ್ತಾರೆ ಎಂದೆಲ್ಲ ಕೇಳಿಕೊಂಡು ಬರುತ್ತೇನೆ. ಜರಡಿಯನ್ನು ಮಾತ್ರ ಒಮ್ಮೊಮ್ಮೆ ಅಂಗಡಿಯಲ್ಲೇ ಮರೆತು ಬರುತ್ತೇನೆ. “ನಿಮ್ಮನ್ನ ಪ್ಯಾಟಿಗೆ ಕಳಸೋದಕ್ಕಿಂತ ಪ್ಯಾಟಿನ್ನ ಮನಿಗೆ ಕರಸೋದು ಸಸಾರ” ಎಂದು ನನ್ನ ಹೆಂಡತಿ ಗೌರವ್ವ ಆಗಾಗ ಹೇಳುವುದುಂಟು. ಇಂಥ ಮನುಷ್ಯ ಬದುಕಿನ ಮೊದಲ ಮೋಟರ್ ಸೈಕಲ್ ಕೊಳ್ಳಲು ಹೊರಟರೆ, ಅದೂ ಹೊಸದು ಕೊಳ್ಳಬೇಕೋ ಹಳೆಯದು ಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಹೊರಟರೆ, ಏನಾದೀತೆಂದು ನೀವೇ ಊಹಿಸಿ.

ಮೋಟರ್ ಸೈಕಲ್ ನನಗೆ ಶೋಕಿಗೆ ಬೇಕಾಗಿರಲಿಲ್ಲ. ನಾವಿದ್ದದ್ದು ಗೋರೆಗಾಂವ್‌ನ ಒಂದು ಚಾಳಿನಲ್ಲಿ. ನನ್ನ ಕಾರ್ಖಾನೆ ಇದ್ದದ್ದು ವಿಕ್ರೋಳಿಯಲ್ಲಿ. ಹಕ್ಕಿಯಾಗಿದ್ದರೆ ಎರಡಕ್ಕೂ ಅಂಥ ದೂರವೇನಿಲ್ಲ; ನಡುವೆ ಆರೆಯ ಕಾಡು, ಪೊವೈ ಕೆರೆ, ಅಷ್ಟೆ. ಆದರೆ ಲೋಕಲ್ ರೈಲು ಹಕ್ಕಿಯ ಹಾಗೆ ಯೋಚಿಸುವುದಿಲ್ಲ. ಅದು ನನ್ನನ್ನು ದಕ್ಷಿಣಕ್ಕೆ ದಾದರ್‌ವರೆಗೆ ಎಳೆದೊಯ್ದು, ಅಲ್ಲಿ ಸೇತುವೆ ಹತ್ತಿಸಿ ಇಳಿಸಿ, ಇನ್ನೊಂದು ಲೈನಿನ ರೈಲಿನಲ್ಲಿ ಮತ್ತೆ ಉತ್ತರಕ್ಕೆ ತಂದು ವಿಕ್ರೋಳಿಯಲ್ಲಿ ಚೆಲ್ಲುತ್ತಿತ್ತು. ಬಲಗೈಯಿಂದ ಎಡಗಿವಿ ಹಿಡಿಯಲು ಬೆನ್ನ ಹಿಂದಿನಿಂದ ಕೈ ತಂದ ಹಾಗೆ. ಲೇತ್ ಮಶೀನಿನ ಮೇಲೆ ಬರೀ ಟರ್ನರ್ ಆಗಿದ್ದಷ್ಟು ಕಾಲ ಅದನ್ನು ಸಹಿಸಿದೆ. ಆಮೇಲೆ ನನ್ನನ್ನು ಚಾರ್ಜ್‌ಹ್ಯಾಂಡ್ ಮಾಡಿದರು, ಅಂದರೆ ಒಂದು ಸಾಲಿನ ಲೇತ್‌ಗಳಿಗೆಲ್ಲ ಮೇಲಿನವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಆ ಕುರ್ಚಿ ಸಿಕ್ಕದ್ದು ನನ್ನ ಕೈಯ ಬಲದಿಂದ. ಯಾರ ಚೀಟಿಯೂ ಇರಲಿಲ್ಲ, ಶಿಫಾರಸೂ ಇರಲಿಲ್ಲ. ಆದರೆ ಮ್ಯಾನೇಜರ್ ಸಾಹೇಬರು ಒಂದು ಮಾತು ಹೇಳಿದ್ದರು: “ದೀಪಾವಳಿಯವರೆಗೆ ನೋಡುತ್ತೇನೆ. ಸಾಲಿನ ಮೇಲಿನವನೇ ತಡವಾಗಿ ಬಂದರೆ ಸಾಲು ನಡೆಯುವುದಿಲ್ಲ. ಏಳರ ಭೋಂಗಾ ಕೂಗುವಾಗ ನೀನು ಗೇಟಿನೊಳಗೆ ಇರಬೇಕು. ಇಲ್ಲವಾದರೆ ಮಲ್ಲೇಶಿ ಇದ್ದಾನೆ.”

ಮಲ್ಲೇಶಿ ಇದ್ದ. ಸೊಲ್ಲಾಪುರದ ಕಡೆಯವನು, ಐಟಿಐ ಪಾಸಾದವನು, ಕಾರ್ಖಾನೆಗೆ ನಡೆದು ಬರುವಷ್ಟು ಹತ್ತಿರ ಮನೆ ಮಾಡಿದವನು. ಮುಂಜಾನೆ ಗೇಟಿನ ಬಳಿ ನಿಂತು, ನಾನು ಸ್ಟೇಶನ್ನಿನಿಂದ ಏದುಸಿರು ಬಿಡುತ್ತ ಓಡಿ ಬರುವುದನ್ನು ದಿನವೂ ನೋಡುತ್ತಿದ್ದ. “ಓಡ್ರಿ ಬಸಣ್ಣಾ, ಓಡ್ರಿ, ಇನ್ನೂ ಭೋಂಗಾ ಆಗಿಲ್ಲ” ಎಂದು ಹುರಿದುಂಬಿಸುತ್ತಿದ್ದ. ಅವನ ದನಿಯಲ್ಲಿ ಪ್ರೀತಿಯೇ ಇತ್ತು. ಹುಲಿಗೂ ಜಿಂಕೆಯ ಮೇಲೆ ಅಂಥದೇ ಪ್ರೀತಿ ಇದ್ದೀತು.

ಹಾಗಾಗಿ ಗಾಡಿ ಬೇಕೇ ಬೇಕು ಎಂದಾಯಿತು. ಓವರ್‌ಟೈಮ್ ಮಾಡಿ ಅಷ್ಟಿಷ್ಟು ಕೂಡಿಟ್ಟಿದ್ದೆ, ಆ ಮಾತು ಇಲ್ಲಿ ಬೇಡ. ನನಗೆ ಓಡಿಸಲು ಬರುತ್ತಿರಲಿಲ್ಲ ಎಂಬುದು ಒಂದು ಅಡ್ಡಿಯೆಂದು ಆಗ ಅನಿಸಲೇ ಇಲ್ಲ. ಬೈಸಿಕಲ್ ಬರುತ್ತಿತ್ತು, ಲೇತ್ ಬರುತ್ತಿತ್ತು. ಎರಡನ್ನೂ ಕೂಡಿಸಿದರೆ ಮೋಟರ್ ಸೈಕಲ್ ತಾನೆ? ನನ್ನ ತಲೆ ತಿಂದದ್ದು ಹೊಸದೋ ಹಳೆಯದೋ ಎಂಬ ಪ್ರಶ್ನೆ.

ನನ್ನ ಮನಸ್ಸು ಹೊಸದರ ಕಡೆಗೇ ಇತ್ತು. ಅದಕ್ಕೆ ಕಾರಣವಿದೆ. ನಾನು ಹುಟ್ಟಿದ್ದು ದೊಡ್ಡಪ್ಪ ಚಿಕ್ಕಪ್ಪಂದಿರ ಒಟ್ಟು ಕುಟುಂಬದಲ್ಲಿ, ಹುಡುಗರಲ್ಲಿ ಕಟ್ಟಕಡೆಯವನಾಗಿ. ಅಂಗಿ, ಚಡ್ಡಿ, ಪಾಟಿ, ಕೊನೆಗೆ ಆಟದ ಬುಗುರಿಯೂ ಅಣ್ಣಂದಿರ ಕೈಯಲ್ಲಿ ಸವೆದೇ ನನಗೆ ಬರುತ್ತಿತ್ತು. ಶಾಲೆಯ ಪುಸ್ತಕಗಳಂತೂ ಕೈಯಿಂದ ಕೈಗೆ ಬರುವಾಗ ಒಂದೊಂದು ಕೈಯೂ ಒಂದೊಂದು ಹಾಳೆಯ ಸುಂಕ ವಸೂಲು ಮಾಡಿಕೊಂಡಿರುತ್ತಿತ್ತು. ನನ್ನ ಗಣಿತದ ಪುಸ್ತಕಕ್ಕೆ ಹಿಂದಿನ ಉತ್ತರಗಳಿರಲಿಲ್ಲ. ಕನ್ನಡ ಪುಸ್ತಕಕ್ಕೆ ಕೊನೆಯ ಪಾಠಗಳಿರಲಿಲ್ಲ. ಒಂದು ಕಥೆಯಲ್ಲಿ ರಾಜಕುಮಾರ ಗುಹೆಯ ಬಾಗಿಲಿಗೆ ಬಂದು ಕಲ್ಲು ಸರಿಸುತ್ತಾನೆ; ಅಲ್ಲಿಗೆ ಹಾಳೆ ಮುಗಿಯುತ್ತದೆ. ಒಳಗೆ ಏನಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲರನ್ನೂ ಎಲ್ಲವನ್ನೂ ಕೇಳುವ ಚಟ ನನಗೆ ಆ ಗುಹೆಯ ಬಾಗಿಲಲ್ಲೇ ಅಂಟಿತೆಂದು ಕಾಣುತ್ತದೆ. ಮುಂಬಯಿಗೆ ಬಂದು ಮೊದಲ ಪಗಾರ ಕೈಗೆ ಸಿಕ್ಕ ದಿನ, ಇನ್ನು ಮೇಲೆ ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಮೈಗೆ ಸೋಕಿಸುವುದಿಲ್ಲ ಎಂದು ನಿಶ್ಚಯಿಸಿದೆ. ಅಂದಿನಿಂದ ನನ್ನ ಮನೆಯ ಚಮಚ ಕೂಡ ಹೊಸದಾಗಿಯೇ ಬಂದಿದೆ.

ಹೊಸ ಗಾಡಿಯನ್ನು ನೋಡಲು ಶೋರೂಮಿಗೆ ಹೋದೆ. ಆಗ ಜಪಾನಿನವರ ಜೊತೆ ಕೈಗೂಡಿಸಿ ಮಾಡಿದ ಹಗುರ ಗಾಡಿಗಳು ಬಂದು ಊರಿಗೆ ಊರೇ ಬಾಯಿ ಬಿಟ್ಟು ನೋಡುತ್ತಿದ್ದ ಕಾಲ. ಕೆಂಪು ಗಾಡಿಯೊಂದನ್ನು ಗಾಜಿನ ಹಿಂದೆ ದೇವರ ಹಾಗೆ ನಿಲ್ಲಿಸಿದ್ದರು. ಸೀಟಿಗೆ ಪ್ಲಾಸ್ಟಿಕ್ಕು, ಹ್ಯಾಂಡಲಿಗೆ ಪ್ಲಾಸ್ಟಿಕ್ಕು, ಕನ್ನಡಿಗೂ ಪ್ಲಾಸ್ಟಿಕ್ಕು. ಟೈ ಕಟ್ಟಿದ ಸೇಲ್ಸ್‌ಮನ್ ಮೊದಲ ಸಲ ಕುರ್ಚಿ ಕೊಟ್ಟ. ಎರಡನೇ ಸಲ ನಕ್ಕ. ಮೂರನೇ ಸಲ ನಾನು ಗಾಡಿಯ ಕೆಳಗೆ ಮಲಗಿ ಚೈನಿನ ಜಗ್ಗು ನೋಡುತ್ತಿದ್ದಾಗ ನನ್ನ ಕಾಲುಗಳ ಹತ್ತಿರ ಬಂದು ನಿಂತು, “ಸಾಬ್, ಗಾಡಿ ಲೇನೇ ಕಾ ಹೈ ಯಾ ಬನಾನೇ ಕಾ ಹೈ?” ಎಂದು ಕೇಳಿದ, ಕೊಳ್ಳುವುದೋ ಇಲ್ಲಾ ತಯಾರಿಸುವುದೋ ಎಂದು. ಹೊಸ ಗಾಡಿಯನ್ನು ಮೊದಮೊದಲು ಜೋರಾಗಿ ಓಡಿಸಬಾರದು, ಅದರ ಎಂಜಿನ್ ಪಳಗಬೇಕು ಎಂದೂ ಅವನೇ ಹೇಳಿದ. ಇದು ನನಗೆ ಸೋಜಿಗವಾಯಿತು. ಹಣ ಕೊಟ್ಟು ಕೊಂಡ ಮೇಲೆ ನಾವೇ ಅದನ್ನು ಪಳಗಿಸಬೇಕು! ಅದನ್ನು ಚಾಳಿನ ಅಂಗಳದಲ್ಲಿ ನಿಲ್ಲಿಸಿದರೆ ಮಕ್ಕಳು ಅದರ ಮೇಲೆ ಕ್ರಿಕೆಟ್ ಬಾಲ್ ಹೊಡೆಯುತ್ತಾರೆ. ಹೊಡೆಯದ ಹಾಗೆ ಕಾಯಲು ನಾನು ಅದರ ಪಕ್ಕದಲ್ಲೇ ಹಾಸಿಗೆ ಹಾಸಬೇಕು. ಆ ಪ್ಲಾಸ್ಟಿಕ್ಕನ್ನು ಗೌರವ್ವ ಜನ್ಮದಲ್ಲಿ ತೆಗೆಯಲು ಬಿಡುವುದಿಲ್ಲ, ಅದು ಬೇರೆ. ನಮ್ಮ ರೇಡಿಯೋ ಇಂದಿಗೂ ತಾನು ಬಂದ ಡಬ್ಬಿಯೊಳಗಿನಿಂದಲೇ ಹಾಡುತ್ತದೆ.

ಹಳೆಯದರ ಪಕ್ಷ ವಹಿಸಿದವನು ವಾಸಣ್ಣ. ನಮ್ಮ ಕಾರ್ಖಾನೆಯ ಕ್ಯಾಂಟೀನ್ ನಡೆಸುವವನು, ಮಂಗಳೂರು ಕಡೆಯವನು. ಮುಂಬಯಿಯ ಅರ್ಧ ಹೋಟೆಲುಗಳಲ್ಲಿ ದುಡಿದು ಊರಿನ ಎಲ್ಲ ಭಾಷೆಗಳನ್ನೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಕಲಿತವನು. “ಹೊಸ ಗಾಡಿ ಎಂಥದು ಮಾರಾಯ್ರೆ, ಅದಕ್ಕೆ ಗುಣವೇ ಇನ್ನೂ ಬಂದಿರುವುದಿಲ್ಲ. ಹಳೇದಾದ್ರೆ ಅದರ ಗುಣಾವಗುಣ ಎಲ್ಲ ಹೊರಗೆ ಬಿದ್ದಿರ್ತದೆ. ಒಳ್ಳೆ ಕೈಯಲ್ಲಿ ಇದ್ದದ್ದನ್ನು ನೋಡಿ ತಗೊಳ್ಳಿ, ಕಣ್ಣು ಮುಚ್ಚಿ ಓಡಿಸ್ಬಹುದು” ಎಂದ. ಕಣ್ಣು ಬಿಟ್ಟೇ ಓಡಿಸಲು ಬಾರದವನಿಗೆ ಇದು ಒಳ್ಳೆಯ ಮಾತಾಗಿ ಕೇಳಿಸಿತು.

ಆದರೆ ಗಾಡಿ ಒಳ್ಳೆಯ ಕೈಯಲ್ಲಿತ್ತೋ ಕೆಟ್ಟ ಕೈಯಲ್ಲಿತ್ತೋ ತಿಳಿಯುವುದು ಹೇಗೆ? ಇಲ್ಲಿ ನನ್ನ ಕುತೂಹಲಕ್ಕೆ ರೆಕ್ಕೆ ಬಂತು. ಲೋಹ ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ದಾರಿಯಲ್ಲಿ ನಿಂತ ಗಾಡಿಗಳನ್ನೆಲ್ಲ ಹಾಗೆ ನೋಡತೊಡಗಿದೆ. ಬ್ರೇಕಿನ ಪೆಡಲ್ ಹೊಳೆಯುತ್ತಿದ್ದರೆ ಮಾಲೀಕ ಪುಕ್ಕಲ. ಹಾರ್ನಿನ ಗುಂಡಿ ಸವೆದಿದ್ದರೆ ಮುಂಗೋಪಿ. ಹಿಂದಿನ ಎಡಗಡೆಯ ಕಾಲಿಡುವ ಕಡ್ಡಿ ಬಾಗಿದ್ದರೆ ಹೆಂಡತಿ ಸ್ಥೂಲದೇಹಿ, ಮತ್ತು ಮನೆಯಲ್ಲಿ ಅವಳ ಮಾತೇ ನಡೆಯುತ್ತದೆ. ಒಮ್ಮೆ ಈ ಕೊನೆಯ ತೀರ್ಮಾನವನ್ನು ಒಬ್ಬ ಮಾಲೀಕನಿಗೆ ಹೇಳಿಯೂಬಿಟ್ಟೆ. ಅವನು ತನಗೆ ಮದುವೆಯಾಗಿಲ್ಲವೆಂದೂ ತಾನು ಹಾಲಿನ ಕ್ಯಾನು ಸಾಗಿಸುವವನೆಂದೂ ಹೇಳಿದ. ಇನ್ನೊಮ್ಮೆ ಗೋರೆಗಾಂವ್ ಸ್ಟೇಶನ್ನಿನ ಹೊರಗೆ, ಮುಂಜಾನೆ ರೈಲಿಗೆ ಹೋಗುವ ಅವಸರದಲ್ಲೂ ತಡೆಯಲಾರದೆ, ಮಂಡಿಯೂರಿ ಒಂದು ಗಾಡಿಯ ಪೆಟ್ರೋಲ್ ಕೊಳವೆಯನ್ನು ಮುಟ್ಟಿ ನೋಡುತ್ತಿದ್ದೆ. ಬೆನ್ನ ಹಿಂದೆ “ಪಕಡೋ!” ಎಂಬ ಕೂಗು ಕೇಳಿಸಿತು. ನಾನೂ ಕಳ್ಳ ಎಲ್ಲಿ ಎಂದು ಎದ್ದು ನೋಡಿದೆ. ಜನ ನನ್ನ ಕಾಲರನ್ನೇ ಹಿಡಿದಿದ್ದರು. ನಾನು ಪೆಟ್ರೋಲ್ ಕಳ್ಳನಲ್ಲ, ಚಾರ್ಜ್‌ಹ್ಯಾಂಡ್ ಎಂದು ಎಷ್ಟು ಹೇಳಿದರೂ ಅವರಿಗೆ ಅದು ಕಳ್ಳರಲ್ಲೇ ಒಂದು ದೊಡ್ಡ ಹುದ್ದೆಯಂತೆ ಕೇಳಿಸಿತು. ಬಿಡಿಸಿಕೊಂಡು ವಿಕ್ರೋಳಿ ಮುಟ್ಟುವಾಗ ಭೋಂಗಾ ಆಗಿ ಹೋಗಿತ್ತು. ಬೇಗ ಮುಟ್ಟಲೆಂದು ಗಾಡಿ ಹುಡುಕಲು ಹೊರಟವನಿಗೆ ಆ ಹುಡುಕಾಟದಿಂದಲೇ ಲೇಟ್ ಮಾರ್ಕ್ ಬಿತ್ತು. ಮ್ಯಾನೇಜರ್ ಸಾಹೇಬರು ಗಡಿಯಾರ ನೋಡಿದರು, ಆಮೇಲೆ ಮಲ್ಲೇಶಿಯನ್ನು ನೋಡಿದರು. ಮಲ್ಲೇಶಿ ವಿನಯದಿಂದ ನೆಲ ನೋಡಿದ.

ಅಂದು ಮಧ್ಯಾಹ್ನ ವಾಸಣ್ಣ ಊಟದ ತಟ್ಟೆಯ ಜೊತೆಗೆ ಸುದ್ದಿಯನ್ನೂ ತಂದಿಟ್ಟ. “ನಿಮ್ಮ ಕೆಲಸ ಆಯ್ತು ಅಂತ ತಿಳ್ಕೊಳ್ಳಿ. ಪರೇಲ್‌ನಲ್ಲಿ ಒಂದು ಗಾಡಿ ಉಂಟು. ಬಾವಾಜಿ ಗಾಡಿ. ಅದೂ ಸಿಂಗಲ್ ಹ್ಯಾಂಡ್!”

ಬಾವಾಜಿ ಎಂದರೆ ಪಾರ್ಸಿ ಎಂದು ಮುಂಬಯಿಯಲ್ಲಿ ಯಾರಿಗೆ ಗೊತ್ತಿಲ್ಲ? ಪಾರ್ಸಿಯ ಕೈಯಲ್ಲಿದ್ದ ಗಾಡಿಯೆಂದರೆ ಈ ಊರಿನಲ್ಲಿ ಅದೇ ಒಂದು ಜಾತಿ. ಅವರು ಮಕ್ಕಳಿಗಿಂತ ಹೆಚ್ಚು ಗಾಡಿಯನ್ನು ತೊಳೆಯುತ್ತಾರೆಂದು ಪ್ರತೀತಿ. ಆದರೆ ಸಿಂಗಲ್ ಹ್ಯಾಂಡ್ ಎಂಬುದನ್ನು ಕೇಳಿ ನನಗೆ ಕನಿಕರವಾಯಿತು. “ಅಯ್ಯೋ ಪಾಪ! ಒಂದೇ ಕೈಯೇನು? ಎಡಗೈ ಇಲ್ಲಂದ್ರ ಕ್ಲಚ್ ಹೆಂಗ ಹಿಡಿತಾನ?” ಎಂದು ಕೇಳಿದೆ. ವಾಸಣ್ಣನ ಕೈಯಲ್ಲಿದ್ದ ಸಾಂಬಾರಿನ ಸೌಟು ಹಾಗೇ ನಿಂತಿತು. “ಒಂದೇ ಕೈ ಅಲ್ಲ ಮಾರಾಯ್ರೆ, ಒಬ್ಬನೇ ಮಾಲೀಕ! ಬೇರೆ ಯಾರ ಕೈಯೂ ತಾಗ್ಲಿಲ್ಲ ಅಂತ!” ಎಂದ. ನಾನು ತಮಾಷೆಗೆ ಕೇಳಿದೆ ಎಂದು ನಗುತ್ತ ಅನ್ನ ಕಲಸಿದೆ. ಹೆಮ್ಮೆಯ ಮನುಷ್ಯನಿಗೆ ನಗು ಎಷ್ಟು ಉಪಕಾರಿ ಎಂಬುದು ಹೆಮ್ಮೆ ಇಲ್ಲದವರಿಗೆ ತಿಳಿಯದು.

ಮನೆಯಲ್ಲಿ ಗೌರವ್ವನಿಗೆ ಹೇಳಿದೆ. “ಬಾವಾಜಿ ಗಾಡಿ ಐತಂತ, ಐತವಾರ ನೋಡಾಕ ಹೋಗೂಣು.”

“ಯಾರ ಬಾವಾರು?” ಎಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. “ನನಗ ಅಕ್ಕನ ಇಲ್ಲ, ಬಾವ ಎಲ್ಲಿಂದ ಬಂದ್ರು?”

ಪಾರ್ಸಿಗಳ ವಿಷಯ ವಿವರಿಸಿದೆ. ಅವಳು ಕೇಳಿ, “ಹಂಗಾರ ಎರಡನೇ ಸಂಬಂಧ ಅನ್ರಿ. ಹೊಸದ ಬೇಕು ಹೊಸದ ಬೇಕು ಅಂತ ಕುಣೀತಿದ್ರಿ” ಎಂದಳು. ಬರಿಯ ನೋಡುವುದಷ್ಟೇ, ತಗೊಳ್ಳುವುದೇನಿಲ್ಲ ಎಂದೆ. “ಕನ್ಯಾ ನೋಡಾಕ ಹೊಂಟವರು ಎಲ್ಲಾರೂ ಹಿಂಗ ಅಂತಾರ. ನಾನೂ ಬರ್ತೀನಿ. ಹೆಣಮಕ್ಕಳ ಕಣ್ಣಿಗೆ ಕಾಣೋದು ನಿಮ್ಮ ಕಣ್ಣಿಗೆ ಕಾಣಂಗಿಲ್ಲ.”

ಹೀಗೆ ಭಾನುವಾರ ನಾವು ಮೂವರು ಪರೇಲ್‌ಗೆ ಹೊರಟೆವು: ಇಸ್ತ್ರಿ ಅಂಗಿಯ ನಾನು, ಇಳಕಲ್ ಸೀರೆಯ ಗೌರವ್ವ, ಮಧ್ಯಸ್ಥನ ಗತ್ತಿನಲ್ಲಿ ವಾಸಣ್ಣ. ಗೌರವ್ವ ಚೀಲದಲ್ಲಿ ಒಂದು ತೆಂಗಿನಕಾಯಿಯನ್ನೂ ಇಟ್ಟುಕೊಂಡಿದ್ದಳು. ಸಂಬಂಧ ಕುದುರಿದರೆ ಅಲ್ಲೇ ಒಡೆಯಲು.

ಪಾರ್ಸಿಗಳ ಬಾಗ್ ಎಂದರೆ ಗೇಟಿನೊಳಗೆ ಸುತ್ತಲೂ ಹಳೆಯ ಕಟ್ಟಡಗಳು, ನಡುವೆ ಒಂದು ಚಿಕ್ಕ ತೋಟ, ತೋಟದ ಸುತ್ತ ರಸ್ತೆ. ಗಾಡಿಯ ಮಾಲೀಕ ಕೇಕಿಬಾವಾ ಬಿಳಿಯ ತೆಳು ಅಂಗಿ, ಪಾಯಿಜಾಮದಲ್ಲಿ ಮೆಟ್ಟಿಲಿಳಿದು ಬಂದರು. ಕೆಂಪು ಮುಖ, ದಪ್ಪ ದೇಹ, ಸ್ವಲ್ಪ ಕಿವಿ ಮಂದ. ಆದ್ದರಿಂದ ಲೋಕವೆಲ್ಲ ಕಿವುಡು ಎಂಬಂತೆ ಕೂಗಿಯೇ ಮಾತಾಡುವವರು. ಗುಜರಾತಿಗೆ ಒಂದಿಷ್ಟು ಹಿಂದಿ ಬೆರೆಸಿದ ಅವರ ಭಾಷೆ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ವಾಸಣ್ಣ ತುಂಬುತ್ತಿದ್ದ. ಅವರ ಹೆಂಡತಿ ನಮಗೆಲ್ಲ ಕೆಂಪು ಶರಬತ್ತು ಕೊಟ್ಟರು. ಗೌರವ್ವ ನನ್ನ ಕಿವಿಯಲ್ಲಿ, “ಮನೆತನ ಚಲೋ ಐತಿ” ಎಂದಳು.

ಕೇಕಿಬಾವಾ ಹೂವಿನ ಚಿತ್ರದ ಹೊದಿಕೆಯನ್ನು ಸರಿಸಿದರು. ನಾನು ಎದ್ದು ನಿಂತೆ. ಕಪ್ಪು ಗಾಡಿ, ಟ್ಯಾಂಕಿನ ಮೇಲೆ ಬಂಗಾರದ ಬಣ್ಣದ ಒಂದು ಗೆರೆ. ಎಲ್ಲಿ ನೋಡಿದರೂ ನನ್ನ ಮುಖವೇ ಕಾಣುವಂಥ ಹೊಳಪು. ಮಂಡಿಯೂರಿದೆ. ಬ್ರೇಕಿನ ಪೆಡಲ್ ನೋಡಿದೆ, ಹಾರ್ನ್ ನೋಡಿದೆ, ಹಿಂದಿನ ಕಡ್ಡಿ ನೋಡಿದೆ. ಸವೆದಿತ್ತು, ಆದರೆ ಎಲ್ಲವೂ ಒಂದೇ ಸಮನಾಗಿ, ಅಜ್ಜನ ಊರುಗೋಲು ಸವೆಯುವ ಹಾಗೆ. ಈ ಗಾಡಿಯಿಂದ ಮಾಲೀಕನ ಯಾವ ಅವಗುಣವೂ ಓದಲು ಸಿಗಲಿಲ್ಲ. ನನಗೆ ಮೊದಲ ಸಲ ಹೊಸದರ ಮೇಲೆ ಅನುಮಾನ ಬಂತು. ಹೊಸದು ಮುಂದೆ ಹೇಗಾದೀತೋ ಯಾರಿಗೆ ಗೊತ್ತು? ಇದು ಹೇಗಾಗಿದೆ ಎಂಬುದು ಎದುರಿಗೇ ಇತ್ತು.

ನಾನು ಪ್ರಶ್ನೆಗಳನ್ನು ಕೇಳಲು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀ? ಮೇಲೆ ಛತ್ತು ಇದೆಯೇ? ಮಳೆಗಾಲದಲ್ಲಿ ಏನು ಹೊದಿಸುತ್ತೀ? ಒರೆಸುವ ಬಟ್ಟೆ ಯಾವುದು, ಹತ್ತಿಯದೋ ಟೆರಿಲಿನ್ನಿನದೋ? ಪಾನ್ ತಿನ್ನುತ್ತೀಯಾ? ತಿಂದರೆ ಯಾವ ಕಡೆಗೆ ಉಗುಳುತ್ತೀ? ನಾನು ಶಾಲೆಯಲ್ಲಿ ಕೂಡ ಇಷ್ಟು ಭಯದಿಂದ ಉತ್ತರ ಹೇಳಿದವನಲ್ಲ. ಗೌರವ್ವ ನಕ್ಕು, “ಕನ್ಯಾ ನೋಡಾಕ ಬಂದ್ರ, ಇಲ್ಲಿ ವರನ್ನ ನೋಡಾಕತ್ತಾರಲ್ರಿ!” ಎಂದಳು. ವಾಸಣ್ಣ ಶರಬತ್ತು ಮುಗಿಸಿ ಎರಡನೆಯದಕ್ಕೆ ಒಳಗೆ ಹೋದ. ಎಲ್ಲ ಅನಾಹುತವೂ ಅವನು ಒಳಗಿದ್ದ ಆ ಸ್ವಲ್ಪ ಹೊತ್ತಿನಲ್ಲೇ ನಡೆಯಿತು.

ಕೇಕಿಬಾವಾ ನನ್ನ ಹೆಗಲ ಮೇಲೆ ಕೈಯಿಟ್ಟು, ಗಾಡಿಯ ಕಡೆ ಗದ್ದ ತೋರಿಸಿ ಕೇಳಿದರು: “ದೀಕ್ರಾ, ಮೋಟರ್ ಸೈಕಲ್ ಆವಡೆ ಛೆ ನೆ?”

ದೀಕ್ರಾ ಎಂದರೆ ಮಗನೇ ಎಂದು ತಿಳಿಯಿತು. ಉಳಿದದ್ದಂತೂ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಮುಂಬಯಿಗೆ ಬಂದ ಮೇಲೆ ಚಾಳಿನಲ್ಲಿ ನಾನು ಕಲಿತದ್ದು ಮರಾಠಿ. ಮರಾಠಿಯಲ್ಲಿ ಆವಡತೇ ಎಂದರೆ ಇಷ್ಟ, ಪ್ರೀತಿ. ಗಾಡಿ ಇಷ್ಟವೇನಪ್ಪಾ ಎಂದು ಮುದುಕರು ಅಷ್ಟು ಅಕ್ಕರೆಯಿಂದ ಕೇಳುತ್ತಿದ್ದಾರೆ. ನನ್ನ ಎದೆ ತುಂಬಿ ಬಂತು. ಅವರ ಮಾತಿಗೆ ನನ್ನ ಹಿಂದಿಯ ಚಡ್ಡಿ ತೊಡಿಸಿ, ಬಹಳ ಇಷ್ಟ, ಚಿಕ್ಕಂದಿನಿಂದಲೇ ಇಷ್ಟ ಎಂದು ಅವರ ಕಿವಿಗೆ ಮುಟ್ಟುವಂತೆ ಕೂಗಿ ಹೇಳಿದೆ: “ಬಹುತ್ ಆವಡತಾ ಹೈ! ಬಚ್‌ಪನ್ ಸೆ ಆವಡತಾ ಹೈ!”

“ಬಚ್‌ಪನ್ ಸೆ?” ಕೇಕಿಬಾವಾರ ಹುಬ್ಬು ಮೇಲೇರಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ಗೌರವದಿಂದ ನೋಡಿದರು. ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು, ಪಾಯಿಜಾಮ ಎತ್ತಿ ಹಿಂದಿನ ಸೀಟಿನ ಮೇಲೆ ಕೂತರು. ಗಾಡಿ ಕೆಳಗೆ ನಿಟ್ಟುಸಿರು ಬಿಟ್ಟಿತು. “ಚಲೋ!” ಎಂದರು.

ಆಗ ನಾನು “ಓಡಿಸಲು ಬರುವುದಿಲ್ಲ” ಎಂದು ಹೇಳಬಹುದಾಗಿತ್ತು. ಹೆಂಡತಿ ನೋಡುತ್ತಿರುವಾಗ ಆ ಶಬ್ದ ನಾಲಿಗೆಗೆ ಬರಲಿಲ್ಲ. ಅದೂ ಅಲ್ಲದೆ ನನಗೆ ಏನು ಗೊತ್ತಿರಲಿಲ್ಲ ಹೇಳಿ? ಕ್ಲಚ್ ಒಳಗೆ ಏನೇನಿದೆ, ಗಿಯರಿಗೆ ಎಷ್ಟು ಹಲ್ಲು, ಕಾರ್ಬುರೇಟರ್ ಹೇಗೆ ಉಸಿರಾಡುತ್ತದೆ, ಎಲ್ಲವನ್ನೂ ಊರೆಲ್ಲ ಕೇಳಿ ತಿಳಿದಿದ್ದೆ. ಮುಂದೆ ಹತ್ತಿ ಕೂತು ಕಿಕ್ ಒದ್ದೆ, ಗಾಡಿ ಗುಡುಗಿತು. ಗಿಯರ್ ಹಾಕಿದೆ. ಲೇತಿನ ಕ್ಲಚ್ಚನ್ನು ಬಿಡುವ ಹಾಗೆ ಖಟ್ ಎಂದು ಬಿಟ್ಟೆ. ಲೇತನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಮೋಟರ್ ಸೈಕಲ್ಲನ್ನು ಕೂರಿಸಿರುವುದಿಲ್ಲ ಎಂಬ ವ್ಯತ್ಯಾಸ ಆ ಕ್ಷಣದಲ್ಲಿ ನನಗೆ ಹೊಳೆಯಿತು.

ಗಾಡಿ ಹಾರಿತು. ಮೊದಲ ತಿರುವಿನವರೆಗೆ ಕೇಕಿಬಾವಾ “ಧೀರೇ ದೀಕ್ರಾ, ಧೀರೇ” ಎಂದು ಸಂತೋಷದಲ್ಲೇ ಹೇಳುತ್ತಿದ್ದರು. ಎರಡನೇ ತಿರುವಿನಲ್ಲಿ ಅವರು ನನ್ನ ಸೊಂಟ ಹಿಡಿದರು. ಮೂರನೆಯದರಲ್ಲಿ ದೇವರನ್ನು ಕರೆದರು. ಮುಂದಕ್ಕೆ ಹೋಗುವುದೆಲ್ಲ ನನಗೆ ಚೆನ್ನಾಗಿಯೇ ಬರುತ್ತಿತ್ತು, ನಿಲ್ಲುವುದನ್ನು ಮಾತ್ರ ಯಾರನ್ನೂ ಕೇಳಿರಲಿಲ್ಲ. ನಿಂತ ಗಾಡಿಗಳನ್ನಷ್ಟೇ ನೋಡಿದ್ದರಿಂದ ಅವು ಹೇಗೆ ನಿಂತವು ಎಂಬ ಪ್ರಶ್ನೆ ಎದ್ದಿರಲೇ ಇಲ್ಲ. ತೋಟದ ಅಂಚಿನ ಕ್ರೋಟನ್ ಕುಂಡಗಳ ನಡುವೆ ಗಾಡಿ ತಾನಾಗಿಯೇ ದಾರಿ ಮಾಡಿಕೊಂಡು ಹೋಗಿ, ನಿಧಾನವಾಗಿ, ದಣಿದ ಎಮ್ಮೆ ಮಲಗುವ ಹಾಗೆ ಎಡಕ್ಕೆ ಮಲಗಿತು. ಹೂಪಾತಿಯ ಕಲ್ಲಿಗೆ ಟ್ಯಾಂಕ್ ತಾಗಿ ಟಣ್ ಎಂದಿತು. ನಾನು ಹುಲ್ಲಿನ ಮೇಲಿದ್ದೆ. ಕೇಕಿಬಾವಾ ಹೂಪಾತಿಯ ನಡುವೆ, ಆರಾಮ ಕುರ್ಚಿಯಲ್ಲಿ ಕೂತವರ ಹಾಗೆ ಕೂತಿದ್ದರು, ಕಿವಿಯ ಹಿಂದೆ ಒಂದು ಚೆಂಡುಹೂ.

“ಅಯ್ಯ ಶಿವನ!” ಎಂದು ಓಡಿ ಬಂದ ಗೌರವ್ವ ನನ್ನನ್ನು ದಾಟಿ ಹೋಗಿ ಮುದುಕರನ್ನು ಎಬ್ಬಿಸಿದಳು. ಯಾರಿಗೂ ಪೆಟ್ಟಾಗಿರಲಿಲ್ಲ. ಅಂದರೆ ಮನುಷ್ಯರಿಗೆ. ಟ್ಯಾಂಕಿನ ಎಡಗಡೆ ಬಂಗಾರದ ಗೆರೆಯ ಮೇಲೆ ಒಂದು ನೆಗ್ಗು, ಇಡ್ಲಿ ತಟ್ಟೆಯ ಕುಳಿಯಷ್ಟು.

“ಅರೇ ಮುವಾ!” ಕೇಕಿಬಾವಾರ ಕೂಗಿಗೆ ಕಟ್ಟಡಗಳ ಕಿಟಕಿಗಳೆಲ್ಲ ತೆರೆದವು. “ತೂ ಬೋಲಾ ಆವಡತಾ ಹೈ!”

“ಹಾಂ, ಆವಡತಾ ಹೈ!” ನಾನೂ ಕೂಗಿದೆ. ಬಿದ್ದಿದ್ದರೂ ನಾನು ಸುಳ್ಳು ಹೇಳಿದವನಲ್ಲ. “ಅಭೀ ಭೀ ಬಹುತ್ ಆವಡತಾ ಹೈ!”

“ಬಚ್‌ಪನ್ ಸೆ?”

“ಬಚ್‌ಪನ್ ಸೆ!”

ಶರಬತ್ತಿನ ಗ್ಲಾಸು ಹಿಡಿದೇ ಓಡಿ ಬಂದ ವಾಸಣ್ಣ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದ. ಆಮೇಲೆ ಗ್ಲಾಸನ್ನು ಕುಂಡದ ಮೇಲಿಟ್ಟು, ಹೊಟ್ಟೆ ಹಿಡಿದು ಅಲ್ಲೇ ಕುಕ್ಕರಿಸಿದ. “ಬಸಣ್ಣಾ, ಗುಜರಾತಿಯಲ್ಲಿ ಆವಡೆ ಅಂದ್ರೆ ಇಷ್ಟ ಅಲ್ಲ ಮಾರಾಯ್ರೆ! ಆವಡೆ ಅಂದ್ರೆ ಬರ್ತದೆ ಅಂತ! ಓಡಿಸ್ಲಿಕ್ಕೆ ಬರ್ತದಾ ಅಂತ ಅವರು ಕೇಳಿದ್ದು!” ಎಂದ. ಆಮೇಲೆ ಇದನ್ನೇ ತಿರುಗಿಸಿ ಗುಜರಾತಿಯಲ್ಲಿ ಕೇಕಿಬಾವಾರಿಗೆ ಹೇಳಿದ. ಮೊದಲು ನಕ್ಕವರು ಅವರ ಹೆಂಡತಿ. ಅವರ ನಗು ನೋಡಿ ಏನೂ ತಿಳಿಯದ ಗೌರವ್ವನೂ ನಕ್ಕಳು. ಕಿಟಕಿಗಳೂ ನಕ್ಕವು. ಕೇಕಿಬಾವಾ ಮಾತ್ರ ನಗಲಿಲ್ಲ. ನೆಗ್ಗನ್ನು ಬೆರಳಿನಿಂದ ಸವರುತ್ತ ನಿಂತಿದ್ದರು. ಆ ಬೆರಳು ನೋಡಿ ನನಗೆ ಮೊದಲ ಬಾರಿಗೆ ನಾಚಿಕೆಯಾಯಿತು. ನಾನು ಪ್ರಶ್ನೆ ಕೇಳುತ್ತ ತಿರುಗಿದ ಆ ಗಾಡಿಗಳೆಲ್ಲ ಯಾರದೋ ಕೈ ಹೀಗೆ ಸವರಿದವೇ ಆಗಿರಬೇಕು.

ಆ ಹೊತ್ತಿಗೆ ವಾಸಣ್ಣನಿಗೆ ತಾನು ಮಧ್ಯಸ್ಥ ಎಂಬುದು ನೆನಪಾಯಿತು. ಗಂಟಲು ಸರಿಪಡಿಸಿಕೊಂಡು, ಬಹಳ ಗಂಭೀರವಾಗಿ ಹೇಳಿದ: “ಬಾವಾಜಿ, ಟ್ಯಾಂಕ್‌ಗೆ ನೆಗ್ಗು ಉಂಟಲ್ವಾ. ರೇಟು ಸ್ವಲ್ಪ ಕಡಿಮೆ ಆಗ್ಬೇಕು.” ಗುಜರಾತಿಯಲ್ಲಿ ಹೇಳಬೇಕಾದ್ದನ್ನು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದ. ಆದರೆ ಅವನ ಬೆರಳು ನೆಗ್ಗನ್ನು ತೋರಿಸುತ್ತಿತ್ತು, ಮುಖ ಹೋಟೆಲಿನವನದಾಗಿತ್ತು. ಚೌಕಾಶಿಗೆ ಭಾಷೆ ಬೇಕಾಗುವುದಿಲ್ಲ. ಕೇಕಿಬಾವಾ ಅವನನ್ನು ದುರುಗುಟ್ಟಿ ನೋಡಿದರು, ನೆಗ್ಗು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ಕಿವಿಯ ಹಿಂದಿನ ಚೆಂಡುಹೂ ಕೆಳಗೆ ಬೀಳುವವರೆಗೂ ನಕ್ಕರು.

ನಕ್ಕು ಮುಗಿಸಿ ತೀರ್ಪು ಕೊಟ್ಟರು. ಈ ಬೆಳಗಿನವರೆಗೆ ಇದು ಸಿಂಗಲ್ ಹ್ಯಾಂಡ್ ಗಾಡಿ. ಈಗ ನೀನು ಬೀಳಿಸಿದೆ, ಸೆಕೆಂಡ್ ಹ್ಯಾಂಡ್ ಆಯಿತು. ಇನ್ನು ಇದನ್ನು ಬೇರೆ ಯಾರಿಗೂ ನಾನು ಮುಖವೆತ್ತಿ ತೋರಿಸುವಂತಿಲ್ಲ. ತಗೊಳ್ಳಬೇಕಾದವನು ನೀನೇ. ಆದರೆ ಕೀ ಈಗ ಕೊಡುವುದಿಲ್ಲ. ಭಾನುವಾರ ಭಾನುವಾರ ಬಾ, ಕಲಿಸುತ್ತೇನೆ, ಗುಜರಾತಿಯಲ್ಲಿ ಆವಡಿದ ದಿನ ಒಯ್ಯಿ. ನಾನು ತಲೆಯಾಡಿಸಿದೆ. ಇಷ್ಟು ದಿನ ಊರೆಲ್ಲ ಕೇಳಿದರೂ ಬಗೆಹರಿಯದ ಪ್ರಶ್ನೆ ಒಂದು ಟಣ್ ಶಬ್ದಕ್ಕೆ ಬಗೆಹರಿದುಹೋಗಿತ್ತು. ಗೌರವ್ವ ಚೀಲದಿಂದ ತೆಂಗಿನಕಾಯಿ ತೆಗೆದು ಅದೇ ಹೂಪಾತಿಯ ಕಲ್ಲಿಗೆ ಒಡೆದಳು. ಟ್ಯಾಂಕಿಗಿಂತ ಅದು ಸುಲಭವಾಗಿ ಒಡೆಯಿತು.

ಆ ಮಳೆಗಾಲವೆಲ್ಲ ವಾರದ ದಿನಗಳಲ್ಲಿ ದಾದರ್ ಸೇತುವೆಯ ಮೇಲೆ ಓಡಿದೆ, ಭಾನುವಾರಗಳಲ್ಲಿ ಆ ತೋಟದ ಸುತ್ತ ತಿರುಗಿದೆ. ಕೇಕಿಬಾವಾ ಹಿಂದೆ ಕೂರುವ ಧೈರ್ಯ ಮಾಡಲಿಲ್ಲ. ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತು ಕೂಗುತ್ತಿದ್ದರು. ದಾರಿಯಲ್ಲಿ ಬೇರೆ ಗಾಡಿಗಳನ್ನು ಬಗ್ಗಿ ನೋಡುವುದನ್ನು ಬಿಟ್ಟದ್ದರಿಂದ ಲೇಟ್ ಮಾರ್ಕ್ ಮತ್ತೆ ಬೀಳಲಿಲ್ಲ, ಆದರೆ ಒಂದೊಂದು ದಿನ ಭೋಂಗಾ ನನ್ನ ಬೆನ್ನಿಗೆ ಬಡಿಯುತ್ತಿತ್ತು. ಲೈಸೆನ್ಸ್ ಆಯಿತು. ಒಂದು ಭಾನುವಾರ ನಾನು ತಿರುವುಗಳನ್ನೆಲ್ಲ ತಿರುಗಿ ಬಂದು ಅವರ ಕುರ್ಚಿಯ ಮುಂದೆ ಸದ್ದಿಲ್ಲದೆ ನಿಲ್ಲಿಸಿದೆ. “ಹವೆ ಆವಡೆ ಛೆ” ಎಂದರು. ಈಗ ಬರುತ್ತದೆ ಎಂದು. ಕೀಯ ಜೊತೆಗೆ ಆ ಹೂವಿನ ಹೊದಿಕೆಯನ್ನೂ ಒರೆಸುವ ಹತ್ತಿ ಬಟ್ಟೆಗಳನ್ನೂ ಕೊಟ್ಟರು. ನಾನು ಗೇಟು ದಾಟುವವರೆಗೂ ಕೂಗಿ ಏನೇನೋ ಹೇಳುತ್ತಿದ್ದರು. ಆಮೇಲೆ ಕೂಗು ನಿಂತಿತು. ತಿರುಗಿ ನೋಡಿದರೆ ಬೀಳುತ್ತೇನೆಂದು ನಾನು ತಿರುಗಲಿಲ್ಲ.

ಇಷ್ಟಾದರೂ ನನ್ನ ನಿಶ್ಚಯ ಮುರಿಯಿತೆಂದು ನಾನು ಒಪ್ಪುವುದಿಲ್ಲ. ನಾನು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವನಲ್ಲ. ಸಿಂಗಲ್ ಹ್ಯಾಂಡ್ ಗಾಡಿಯನ್ನು ನನ್ನ ಕೈಯಾರೆ ಸೆಕೆಂಡ್ ಹ್ಯಾಂಡ್ ಮಾಡಿಕೊಂಡವನು. ಗೌರವ್ವನಿಗೆ ಈ ವ್ಯತ್ಯಾಸ ಎಷ್ಟು ಬಿಡಿಸಿ ಹೇಳಿದರೂ ಅರ್ಥವಾಗಿಲ್ಲ.

ಮರುದಿನ ಆರೆಯ ರಸ್ತೆಯಲ್ಲಿ, ಪೊವೈ ಕೆರೆಯ ಮೇಲಿನ ಮಂಜಿನ ಪಕ್ಕದಲ್ಲಿ ಹಾದು ವಿಕ್ರೋಳಿ ಮುಟ್ಟಿದಾಗ ಕಾರ್ಖಾನೆಯ ಗೇಟೇ ತೆರೆದಿರಲಿಲ್ಲ. ವಾಚ್‌ಮನ್ ಹಲ್ಲುಜ್ಜುತ್ತಿದ್ದ. ನನಗೆ ಕಾಯಬೇಕಾಯಿತು, ಮತ್ತು ಆ ಕಾಯುವಿಕೆಯಷ್ಟು ರುಚಿಯಾದದ್ದು ನಾನು ಬೇರೇನನ್ನೂ ಉಂಡಿಲ್ಲ. ಅದೇ ಗೇಟಿನಲ್ಲಿ ದೀಪಾವಳಿಯವರೆಗೂ ಹಾಗೇ ಕಾದೆ. ದೀಪಾವಳಿಗೆ ಮ್ಯಾನೇಜರ್ ಸಾಹೇಬರು ಕುರ್ಚಿಯನ್ನು ಕಾಯಂ ಮಾಡಿದರು.

ಆ ಮೊದಲ ದಿನ ಮಲ್ಲೇಶಿ ನಡೆಯುತ್ತ ಬಂದ, ಓಡಿ ಬರುವ ನನ್ನನ್ನು ಹುಡುಕಿದ. ಗೇಟಿಗೊರಗಿ ನಿಂತ ನನ್ನನ್ನು ಕಂಡು ಒಂದು ಹೆಜ್ಜೆ ತಪ್ಪಿದ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದ. ನಾನು ಕಲಿಸಿದ ವಿದ್ಯೆಯೋ ಎಂಬಂತೆ ಮಂಡಿಯೂರಿದ. ಬ್ರೇಕು ನೋಡಿದ, ಹಾರ್ನು ನೋಡಿದ, ಕೊನೆಗೆ ಟ್ಯಾಂಕಿನ ಎಡಗಡೆಗೆ ಬಂದು ನಿಂತ. ಅವನ ಮುಖ ಅರಳಿತು.

“ಗಾಡಿ ಚಲೋ ಐತ್ರಿ ಬಸಣ್ಣಾ. ಆದ್ರ ಇಲ್ಲಿ ನೋಡ್ರಿ, ಎಂಥಾ ನೆಗ್ಗು! ಇದನ್ನ ಓಡಿಸ್ತಿದ್ದ ಮಗಗ ಗಾಡಿ ಹೊಡಿಯಾಕ ಬರ್ತಿತ್ತೋ ಇಲ್ಲೋ?”

ನಾನೂ ಬಗ್ಗಿ ನೆಗ್ಗನ್ನು ಮೊದಲ ಸಲ ನೋಡುವವನಂತೆ ನೋಡಿದೆ.

“ಅಂವಗ ಮರಾಠಿಯೊಳಗ ಭಾಳ ಆವಡತಿತ್ತೋ ಮಲ್ಲೇಶಿ” ಎಂದೆ. “ಗುಜರಾತಿಯೊಳಗ ಮಾತ್ರ ಒಂದೀಟೂ ಆವಡತಿದ್ದಿಲ್ಲ.”

ಮಲ್ಲೇಶಿ ಆ ದಿನವಿಡೀ ಅದರ ಅರ್ಥವೇನೆಂದು ಒಬ್ಬೊಬ್ಬರನ್ನಾಗಿ ಕೇಳುತ್ತ ತಿರುಗಿದ. ನಾನು ಹೇಳಲಿಲ್ಲ. ವಿಚಾರಿಸುವ ಸುಖ ಅವನಿಗೂ ಒಂದಿಷ್ಟು ಸಿಗಲಿ ಎಂಬುದೇ ನನ್ನ ಉದ್ದೇಶವಾಗಿತ್ತು, ಬೇರೇನೂ ಅಲ್ಲ.